ಮನೆಯ ಡಬ್ಬ, ಪರರ ಬ್ರೇಕು

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಗಾಡಿಗೆ ಏನು ಹಾಕಿದರೂ, ಹೊಸ ಸಾಮಾನು ಬಂದ ಡಬ್ಬದೊಳಗೆ ಬಿಚ್ಚಿದ ಹಳೇ ಸಾಮಾನನ್ನು ಇಟ್ಟು ಗಾಡಿಯ ಯಜಮಾನನ ಕೈಗೆ ಕೊಟ್ಟುಬಿಡುವುದು. ಒಳಗಿರುವುದು ನಿಮ್ಮ ಗಾಡಿಯಿಂದ ಹೊರಗೆ ಬಂದದ್ದು, ಮೇಲಿರುವುದು ಒಳಗೆ ಹೋದದ್ದರ ಅಂಗಿ, ಎನ್ನುತ್ತಿದ್ದ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನಾದ್ದರಿಂದ ಬರೆದು ಕೊಡುವುದು ಅವನಿಗೆ ಒಗ್ಗದ ಕೆಲಸ. ಡಬ್ಬವೇ ಬಿಲ್ಲು, ಡಬ್ಬವೇ ಆಣೆ ಪ್ರಮಾಣ. ನಲವತ್ತು ವರ್ಷದಲ್ಲಿ ಆ ಡಬ್ಬ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಹಾಗಂತ ಸಾಮಾನು ಕೊಳ್ಳುವಾಗ ಅವನು ಡಬ್ಬವನ್ನು ನೋಡುತ್ತಿದ್ದ ಎಂದುಕೊಂಡರೆ ತಪ್ಪು. ಡಬ್ಬ ತೆರೆದು ಪಕ್ಕಕ್ಕಿಟ್ಟು, ಸಾಮಾನನ್ನು ಅಂಗೈಯಲ್ಲಿ ತೂಗುತ್ತಿದ್ದ. ದಾರಕ್ಕೆ ಕಟ್ಟಿ ಇಳಿಬಿಟ್ಟು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕಿವಿ ಕೊಡುತ್ತಿದ್ದ. ಉಗುರಿನಿಂದ ಗೀರುತ್ತಿದ್ದ. ರಬ್ಬರಾದರೆ ಮಡಚಿ ಮೂಸುತ್ತಿದ್ದ. ಹೊಸ ಗಾಡಿಗೆ ಏನು ಹಾಕಿದರೂ ಸ್ವಲ್ಪ ದಿನ ಸಹಿಸಿಕೊಳ್ಳುತ್ತದೆ, ಹಳೇ ಗಾಡಿ ಹಾಗಲ್ಲ, ಅದು ವಯಸ್ಸಾದವರಿಗೆ ಹಲ್ಲು ಕಟ್ಟಿಸಿದ ಹಾಗೆ, ಬಾಯಿಗೆ ಹೊಂದದಿದ್ದರೆ ಊಟವೂ ಇಲ್ಲ ಮಾತೂ ಇಲ್ಲ ಎಂಬುದು ಅವನ ಸಿದ್ಧಾಂತ. ಇದಕ್ಕೆಲ್ಲ ಸದ್ದಿಲ್ಲದ ಜಾಗ ಬೇಕು. ಅದಕ್ಕೇ ಅವನ ಗ್ಯಾರೇಜಿನಲ್ಲಿ ರೇಡಿಯೋ ಇರಲಿಲ್ಲ, ಕೂರಲು ಕುರ್ಚಿಯೂ ಇರಲಿಲ್ಲ. ಕುರ್ಚಿ ಇಟ್ಟರೆ ಜನ ಕೂರುತ್ತಾರೆ, ಕೂತ ಜನ ಮಾತಾಡುತ್ತಾರೆ.

ಇಂಥವನ ಗ್ಯಾರೇಜಿನ ಎದುರಿಗೇ ಅವನ ಹೆಂಡತಿಯ ತಮ್ಮ ಬಿಡಿಭಾಗಗಳ ಅಂಗಡಿ ತೆರೆದ.

ತಮ್ಮನನ್ನು ಬೀದಿಯವರೆಲ್ಲ ಗ್ಯಾರಂಟಿ ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು ಅದು. ನಾಳೆ ಬಿಸಿಲು ಬರುತ್ತದೆಯೇ ಎಂದರೂ ಗ್ಯಾರಂಟಿ, ನಿನ್ನ ಹೆಂಡತಿಗೆ ಜ್ವರ ಬಿಟ್ಟಿತೇ ಎಂದರೂ ಗ್ಯಾರಂಟಿ. ಮೋಸಗಾರನಲ್ಲ, ಹಾಗಿದ್ದರೆ ಸುಲಭವಾಗುತ್ತಿತ್ತು. ತಾನು ಮಾರುವುದನ್ನೆಲ್ಲ ತಾನೇ ಮೊದಲು ನಂಬಿಬಿಡುವ ಜಾತಿ. ಇದಕ್ಕೂ ಹಿಂದೆ ಅವನು ಛತ್ರಿ ಮಾರುತ್ತಿದ್ದ. ಒಂದು ದಿನ ಮನೆಯವರೆಲ್ಲ ಊಟಕ್ಕೆ ಕೂತಿದ್ದಾಗ ಮೇಸ್ತ್ರಿ, 'ನಿನ್ನ ಛತ್ರಿ ಚೆನ್ನಾಗಿ ಬಿಚ್ಚಿಕೊಳ್ಳುತ್ತೆ ಕಣಪ್ಪ, ಮುಚ್ಚಿಕೊಳ್ಳೋದೇ ಇಲ್ಲ. ಬಾಗಿಲಲ್ಲಿ ನಾನೂ ಅದೂ ಸಿಕ್ಕಿಹಾಕಿಕೊಂಡಿದ್ವಿ' ಎಂದುಬಿಟ್ಟ. ಎಲ್ಲರೂ ನಕ್ಕರು. ಗ್ಯಾರಂಟಿ ಕೈ ತೊಳೆದು ಎದ್ದವನು ನಾಲ್ಕು ತಿಂಗಳು ಊರಿಗೇ ಬರಲಿಲ್ಲ. ಆ ನಾಲ್ಕು ತಿಂಗಳು ಅತ್ತೆ ಅಳಿಯನ ಕಡೆ ತಿರುಗಿ ನೋಡಲಿಲ್ಲ. ತಟ್ಟೆಗೆ ಬಡಿಸುವಾಗಲೂ ಗೋಡೆಯ ಕಡೆ ನೋಡಿಕೊಂಡೇ ಬಡಿಸಿದಳು.

ಹೀಗಾಗಿ ಹೊಸ ಅಂಗಡಿಯ ವಿಷಯದಲ್ಲಿ ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡಿದ್ದ. ಸಂಬಂಧ ಕೆಡಬಾರದೆಂದು ಅಲ್ಲಿಂದ ಪ್ರಾಣಕ್ಕೆ ಸಂಬಂಧವಿಲ್ಲದ ಸಾಮಾನನ್ನೆಲ್ಲ ಕೊಳ್ಳುತ್ತಿದ್ದ. ಬಲ್ಬು, ಸೀಟಿನ ಹೊದಿಕೆ, ಒರೆಸುವ ಬಟ್ಟೆ, ಹಾರ್ನು. ಹಾರ್ನುಗಳೇ ಹದಿನೇಳು ಸೇರಿಹೋಗಿದ್ದವು. ಬ್ರೇಕು, ಬೇರಿಂಗು ಎಂದರೆ ಮಾತ್ರ ಸೈಕಲ್ಲು ಹತ್ತಿ ಹಳೇ ಪೇಟೆಯ ಮುದುಕ ಸಾಹುಕಾರನ ಅಂಗಡಿಗೆ, ಅದೂ ಹಿಂದಿನ ಓಣಿಯಿಂದ.

ಒಂದು ಬೆಳಿಗ್ಗೆ ಮಾವನ ಕಾರು ಬಂತು.

ಮಾವ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಕಾರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ದಿನಾ ಬೆಳಿಗ್ಗೆ ಅದನ್ನು ತೊಳೆದು, ಅದು ಒಣಗುವವರೆಗೆ ಪಕ್ಕದಲ್ಲಿ ನಿಂತಿರುತ್ತಿದ್ದ. ಮನೆ ಇರುವುದು ಇಳಿಜಾರಿನ ಬೀದಿಯ ತುತ್ತತುದಿಯಲ್ಲಿ. ಬೀದಿ ಎಲ್ಲೂ ಡೊಂಕಿಲ್ಲದೆ ಕೆಳಗಿಳಿದು ಬಂದು ಮುಗಿಯುವುದು ಮೇಸ್ತ್ರಿಯ ಗ್ಯಾರೇಜಿನ ಬಾಗಿಲಲ್ಲಿ. ಬ್ರೇಕು ಕೈಕೊಟ್ಟರೆ ಕಾರು ರಿಪೇರಿಗೆ ತಾನೇ ಬಂದು ಸೇರುವಂಥ ಅನುಕೂಲ.

ಪೆಡಲ್ ತುಳಿದರೆ ಕಾಲು ಪಾತಾಳಕ್ಕೆ ಹೋಗುತ್ತದೆ, ಕಾರು ಯೋಚನೆ ಮಾಡಿ ನಿಲ್ಲುತ್ತದೆ ಎಂದು ಮಾವ ವಿವರಿಸಿದ. ಮೇಸ್ತ್ರಿ ಚಕ್ರ ಬಿಚ್ಚಿ ನೋಡಿದ. ಚಕ್ರದೊಳಗೆ ಕೂತು, ತುಳಿದಾಗ ಅಗಲವಾಗಿ ಒತ್ತಿಕೊಳ್ಳುವ ಬಿಲ್ಲಿನಂಥ ಕಬ್ಬಿಣ ಇರುತ್ತದಲ್ಲ, ಬ್ರೇಕ್ ಶೂ, ಅದರ ಬೆನ್ನಿಗೆ ಅಂಟಿಸಿದ ಲೈನಿಂಗು ಸವೆದು ಕಾಗದದಷ್ಟಾಗಿತ್ತು. ನಾಲ್ಕು ಚಕ್ರಕ್ಕೆ ಎಂಟು ಶೂ ಬೇಕು.

'ಎದುರಿಗೇ ಇದೆಯಲ್ಲ ಅಂಗಡಿ' ಎಂದ ಮಾವ.

ಮೇಸ್ತ್ರಿ, ಹಳೇ ಕಾರು, ಅಳತೆ ಸಿಗುವುದು ಕಷ್ಟ, ವಿಚಾರಿಸಿ ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳಿದ.

'ಅಳಿಯಂದ್ರೇ, ನನ್ನ ಮಗನ ಅಂಗಡಿ ಎದುರಿಗಿಟ್ಟುಕೊಂಡು ನನ್ನ ಕಾರಿಗೇ ಬೇರೆ ಕಡೆಯಿಂದ ತಂದ್ರೆ ನೋಡಿದವರು ಏನಂತಾರೆ? ಹೆತ್ತಪ್ಪನಿಗೇ ನಂಬಿಕೆ ಇಲ್ಲ ಅನ್ನೋದಿಲ್ವಾ?'

ಅಷ್ಟರಲ್ಲಿ ಗ್ಯಾರಂಟಿಯೇ ಡಬ್ಬ ಹಿಡಿದು ರಸ್ತೆ ದಾಟಿ ಬಂದ. ಡಬ್ಬವೆಂದರೆ ಡಬ್ಬ. ಕೆಂಪು, ಬಂಗಾರದ ಬಣ್ಣದ ಅಕ್ಷರ, ಮೇಲೆ ಓಡುವ ಕುದುರೆಯ ಚಿತ್ರ. ಬ್ರೇಕಿನ ಡಬ್ಬದ ಮೇಲೆ ಓಡುವ ಕುದುರೆ ಯಾಕೆ ಎಂದು ಮೇಸ್ತ್ರಿಗೆ ಅನಿಸಿತು, ಆದರೆ ಕೇಳಲಿಲ್ಲ. ಗ್ಯಾರಂಟಿ ಅಪ್ಪನ ಮುಂದೆ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟ. ಅಪ್ಪ ಅದನ್ನು ತೆರೆಯದೆ ಸವರಿ ಅಳಿಯನ ಕೈಗೆ ದಾಟಿಸಿದ. ಸಂಜೆಗೆ ಬರುವುದಾಗಿ ಹೇಳಿ ನಡೆದುಕೊಂಡು ಮನೆಯ ಏರು ಹತ್ತಿದ.

ಇಬ್ಬರೂ ಹೋದಮೇಲೆ ಮೇಸ್ತ್ರಿ ಬಾಗಿಲು ಅರ್ಧ ಎಳೆದುಕೊಂಡು ಒಂದು ಶೂವನ್ನು ದಾರಕ್ಕೆ ಕಟ್ಟಿ ತಟ್ಟಿದ. ಒಳ್ಳೆಯದು ಠಣ್ ಎನ್ನಬೇಕು. ಇದು ಒದ್ದೆ ಹಲಗೆ ತಟ್ಟಿದ ಹಾಗೆ ದಬ್ ಎಂದಿತು. ಲೈನಿಂಗನ್ನು ಉಗುರಿನಿಂದ ಗೀರಿದರೆ ಒಣಗಿದ ಬ್ರೆಡ್ಡಿನ ಹಾಗೆ ಪುಡಿಪುಡಿ ಉದುರಿತು. ಹೊರಗೆ ಥಳಕು ಒಳಗೆ ಹುಳುಕು. ಶೂವಿಗಿಂತ ಡಬ್ಬವೇ ಗಟ್ಟಿಯಾಗಿತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿಗೆ ಹೇಳಿದ. ಅವಳು ಸಾರು ಬಡಿಸುತ್ತಿದ್ದವಳು ಸೌಟನ್ನು ಮೇಲೆಯೇ ಹಿಡಿದು ನಿಂತಳು.

'ನೋಡಿ, ನನ್ನ ತಮ್ಮನ ಮುಖ ಸಣ್ಣದಾಗಬಾರ್ದು. ನಮ್ಮಪ್ಪನ ಕಾಲೂ ಮುರೀಬಾರ್ದು. ಏನ್ ಮಾಡ್ತೀರೋ ಮಾಡಿ.'

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೇಸ್ತ್ರಿ ಊಟ ಮುಗಿಸಿ ಹಿಂದಿನ ಓಣಿಯಿಂದ ಸೈಕಲ್ಲು ತುಳಿದ. ಮುದುಕ ಸಾಹುಕಾರ ಹೊರಗೆ ತೆಗೆದದ್ದರಲ್ಲಿ ಎರಡು ಸೆಟ್ಟು ತಳ್ಳಿಹಾಕಿ ಮೂರನೆಯದನ್ನು ಆರಿಸಿದ. ಮಣ್ಣಿನ ಬಣ್ಣದ ಬರಿಯ ರಟ್ಟಿನ ಡಬ್ಬ, ಚಿತ್ರವಿಲ್ಲ, ಒಳಗಿನ ಕಬ್ಬಿಣ ಗಂಟೆಯ ಹಾಗೆ ನುಡಿಯುತ್ತಿತ್ತು. ಬಂದು ನಾಲ್ಕು ಚಕ್ರಕ್ಕೂ ಕೂರಿಸಿದ. ಸಂಜೆ ಮಾವ ಬಂದಾಗ ಪದ್ಧತಿಯಂತೆ ಹಳೇ ಶೂಗಳನ್ನು ಡಬ್ಬದಲ್ಲಿಟ್ಟು ಕೊಟ್ಟ. ಕೊಟ್ಟದ್ದು ಕುದುರೆಯ ಡಬ್ಬ. ಕೊಡುವಾಗ ಎಂದಿನ ಮಾತು ಬಾಯಿಗೆ ಬಂತು, ಅಂಗಿ ಎನ್ನುವಲ್ಲಿಗೆ ಬಂದಾಗ ಕೆಮ್ಮು ಬಂದು ಅರ್ಧಕ್ಕೇ ನಿಂತಿತು.

ಒಂದು ದಿನದ ಸುಳ್ಳು, ಇಲ್ಲಿಗೆ ಮುಗಿಯಿತು ಎಂದುಕೊಂಡ.

ಮಾರನೇ ದಿನ ಮಾವ ಇಳಿಜಾರಿನಲ್ಲಿ ಕಾರು ಬಿಟ್ಟುಕೊಂಡು ಬಂದ. ಗ್ಯಾರೇಜಿನ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ತುಳಿದ. ಕಾರು ಮೊಳೆ ಹೊಡೆದ ಹಾಗೆ ನಿಂತಿತು. ಮಾವ ಇಳಿದು ಬಂದು ಕಾರಿನ ಮುಂದೆ ಒಂದು ಸಲ, ಹಿಂದೆ ಒಂದು ಸಲ ಓಡಾಡಿದ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಇಂಥ ಬ್ರೇಕು ತುಳಿದಿಲ್ಲ ಎಂದ. ಮಗ ಈ ಸಲ ನಿಜವಾಗಿಯೂ ದಡ ಸೇರಿದ ಎಂದೂ ಹೇಳಿದ. ಎದುರಿನ ಅಂಗಡಿಯಲ್ಲಿ ಗ್ಯಾರಂಟಿ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ಮೇಸ್ತ್ರಿ ನೋಡಿದ. ನೋಡಿ, ಅಗತ್ಯವಿಲ್ಲದ ಒಂದು ನಟ್ಟನ್ನು ಬಿಗಿ ಮಾಡತೊಡಗಿದ.

ಅಲ್ಲಿಗೆ ಮಾವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕುದುರೆಯ ಡಬ್ಬವನ್ನು ಕಾರಿನ ಹಿಂದಿನ ಗಾಜಿನ ಹತ್ತಿರ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಊರಿಗೆಲ್ಲ ಬ್ರೇಕು ತೋರಿಸಲು ಹೊರಟ. ಕ್ಷೌರದಂಗಡಿಯ ಮುಂದೆ ಜೋರಾಗಿ ಬಂದು ತಟಕ್ಕನೆ ನಿಲ್ಲಿಸುವನು. ಒಳಗೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದವರು ಎದ್ದು ನಿಲ್ಲುವರು. ಸಂತೆಯ ತಿರುವಿನಲ್ಲಿ ಒಂದು ಸಲ, ಅಂಚೆ ಕಚೇರಿಯ ಮುಂದೆ ಒಂದು ಸಲ. ಪಕ್ಕದ ಸೀಟಿನಲ್ಲಿ ಕೂತ ಅತ್ತೆಯ ತರಕಾರಿ ಚೀಲ ಮೂರು ಸಲ ಬೋರಲು ಬಿತ್ತು. ನಾಲ್ಕನೇ ಸಲಕ್ಕೆ ಅವಳು ಇಳಿದು, ಈ ಬ್ರೇಕು ಚೆನ್ನಾಗಿದೆ ಅಂತ ನಂಗೂ ಗೊತ್ತಾಯ್ತು, ಇನ್ನು ನಡ್ಕೊಂಡೇ ಬರ್ತೀನಿ ಎಂದು ನಡೆದೇ ಹೋದಳು.

ವಾರದೊಳಗೆ ಗ್ಯಾರಂಟಿಯ ಅಂಗಡಿಯ ಮುಂದೆ ಜನ. ಎಲ್ಲರ ಕೈಯಲ್ಲೂ ಕುದುರೆಯ ಡಬ್ಬ, ರಸ್ತೆ ದಾಟಿ ಮೇಸ್ತ್ರಿಯ ಹತ್ತಿರ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ನಿಮ್ಮ ಮಾವನವರ ಕಾರಿಗೆ ಹಾಕಿದ್ದನ್ನೇ ನಮ್ಮದಕ್ಕೂ ಹಾಕಿಬಿಡಿ.

ಮೊದಲು ಬಂದವನು ಬ್ರೆಡ್ಡಿನವನು. ಹಳೇ ವ್ಯಾನಿನಲ್ಲಿ ಬೆಳಗಾಗುವ ಮುಂಚೆ ಮನೆಮನೆಗೆ ಬ್ರೆಡ್ಡು ಹಾಕುವವನು, ಇಪ್ಪತ್ತು ವರ್ಷದಿಂದ ಮೇಸ್ತ್ರಿಯ ಕೈ ಬಿಟ್ಟು ಬೇರೆ ಕೈ ಮುಟ್ಟಿಸಿದವನಲ್ಲ. ಅವನ ಡಬ್ಬವನ್ನು ಮೇಸ್ತ್ರಿ ಕೈಯಲ್ಲಿ ತೂಗಿ ನೋಡಿದ. ಇದು ಬೇಡ ಎಂದರೆ, ನಿಮ್ಮ ಮಾವನಿಗೆ ಮಾತ್ರ ಆಗುತ್ತದೆಯೋ ಎನ್ನುತ್ತಾನೆ. ಹಾಕಿದರೆ, ಮಂಜಿನ ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೆಡ್ಡಿನವನೂ ಬ್ರೆಡ್ಡೂ ಒಟ್ಟಿಗೆ ಹರಡಿಕೊಳ್ಳುತ್ತಾರೆ. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಸಂಜೆ ಬಾರಪ್ಪ ಎಂದು ಕಳಿಸಿ, ಮತ್ತೆ ಹಿಂದಿನ ಓಣಿ, ಮತ್ತೆ ಸೈಕಲ್ಲು, ಮತ್ತೆ ಮುದುಕ ಸಾಹುಕಾರ.

ಹೀಗೆ ಮಾವನ ಕಾರೂ ಸೇರಿ ಮೂರು ವಾರದಲ್ಲಿ ಏಳು ಗಾಡಿ. ಕೂಲಿಯೂ ಹೋಗಿ ಕೈಯಿಂದಲೂ ಹೋಗುತ್ತಿತ್ತು. ಸಾಹುಕಾರ, ಏನು ಮೇಸ್ತ್ರಿ, ಈ ವಯಸ್ಸಲ್ಲಿ ವ್ಯಾಪಾರ ಹೀಗೆ ಕುದುರಿದೆ ಎಂದು ಕೇಳಿದ್ದಕ್ಕೆ, ಎಲ್ಲ ಕುದುರೆಯ ದಯೆ ಎಂದು ಮೇಸ್ತ್ರಿ ಹೇಳಿದ. ಸಾಹುಕಾರನಿಗೆ ಅರ್ಥವಾಗಲಿಲ್ಲ. ಜೂಜಾಡುತ್ತಾನೇನೋ ಎಂದುಕೊಂಡ.

ಇನ್ನು ಗ್ಯಾರಂಟಿಯ ಶೂಗಳು. ಬಿಸಾಡಿದರೆ ಯಾರ ಕಣ್ಣಿಗಾದರೂ ಬೀಳುತ್ತವೆ, ಗುಜರಿಗೆ ಕೊಟ್ಟರೆ ಗುಜರಿಯವನು ತೊಳೆದು ಮಾರಿಬಿಡುತ್ತಾನೆ. ಒಂದೊಂದು ಗಾಡಿ ಮುಗಿದಾಗಲೂ ಗೋಣಿಯಲ್ಲಿ ಸುತ್ತಿ ತಂದು ಮಂಚದ ಕೆಳಗೆ ತಳ್ಳುತ್ತಿದ್ದ. ಕಸ ಗುಡಿಸುವಾಗ ಪೊರಕೆ ಒಳಗೆ ಹೋಗದೆ ಹೆಂಡತಿ ಬಗ್ಗಿ ನೋಡಿದಳು.

'ಮಂಚದ ಕೆಳಗೆ ಏನ್ರೀ ಇದು? ಮೊಟ್ಟೆ ಇಡ್ತಾ ಇದೀರಾ?'

ಮೇಸ್ತ್ರಿ ಎಲ್ಲವನ್ನೂ ಹೇಳಿದ. ಅವಳು ಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಗೋಣಿಗಳನ್ನು ಎಣಿಸಿದಳು. ಎಣಿಸಿದ ಮೇಲೆ ನಗು ಬರಲಿಲ್ಲ. ಇನ್ನೆಷ್ಟು ದಿನ ಎಂದು ಕೇಳಿದ್ದಕ್ಕೆ ಅವನು ಗೋಣಿಯನ್ನು ಇನ್ನಷ್ಟು ಒಳಗೆ ತಳ್ಳಿದ. ಅವನನ್ನು ಕೊರೆಯುತ್ತಿದ್ದುದು ಸೈಕಲ್ಲು ತುಳಿದ ದಣಿವೂ ಅಲ್ಲ, ಕೈಯಿಂದ ಹೋದದ್ದೂ ಅಲ್ಲ. ಏಳು ಜನ ಮನೆಯಲ್ಲಿ ಏಳು ಡಬ್ಬ ಇಟ್ಟುಕೊಂಡು, ಮೇಸ್ತ್ರಿ ಕೊಟ್ಟದ್ದು ಎಂದು ನಂಬಿ ಮಲಗುತ್ತಿದ್ದರು. ಅಕ್ಷರ ಬಾರದ ಅವನಿಗೆ ಇದ್ದದ್ದು ಅದೊಂದೇ ಸಹಿ. ಅದನ್ನು ಏಳು ಸಲ ಸುಳ್ಳಿನ ಕೆಳಗೆ ಹಾಕಿದ್ದ.

ಶನಿವಾರ ಮಧ್ಯಾಹ್ನ ಗ್ಯಾರಂಟಿ ರಸ್ತೆ ದಾಟಿ ಓಡೋಡಿ ಬಂದ. ಮುಖ ಅರಳಿತ್ತು.

'ಭಾವ, ಸ್ಕೂಲಿನವರು ಕೇಳಿದಾರೆ. ಮೂರು ವ್ಯಾನು. ಸೋಮವಾರ ಬೆಳಿಗ್ಗೆ ಸಾಮಾನು ತಲುಪಿಸಬೇಕು.'

ಮೇಸ್ತ್ರಿಯ ಮನಸ್ಸಿನಲ್ಲಿ ಸೈಕಲ್ಲು ಎದ್ದು ನಿಂತಿತು. ಮೂರು ವ್ಯಾನು ತಾನೇ, ಇಲ್ಲಿಗೇ ಬರಲಿ, ರಾತ್ರಿ ಹಗಲು ಕೂತಾದರೂ ಮಾಡಿಕೊಡುತ್ತೇನೆ ಎಂದ.

'ನಿಮಗೆ ಯಾಕೆ ಆ ತೊಂದ್ರೆ ಭಾವ? ಅವರದೇ ಫಿಟ್ಟರ್ ಇದಾನಂತೆ, ಅಲ್ಲೇ ಹಾಕ್ಕೋತಾರೆ. ಮೂರು ವಾರದಿಂದ ನನ್ನಿಂದಾಗಿ ನೀವು ಬೆನ್ನು ನೆಟ್ಟಗೆ ಮಾಡಿಲ್ಲ. ನಾನು ನೋಡ್ತಾ ಇಲ್ವಾ?'

ಅಷ್ಟು ಪ್ರೀತಿಯಿಂದ ಹೇಳಿ ಅವನು ಹೊರಟುಹೋದ. ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅದನ್ನು ಎಲ್ಲಿಟ್ಟೆನೆಂದು ಸಂಜೆಯವರೆಗೆ ಹುಡುಕಿದ.

ಮನೆಗೆ ಹೋಗಿ ಹೆಂಡತಿಯ ಮುಂದೆ ಕೂತ. ತಮ್ಮನ ಮುಖ ನೆನೆದರೆ ನಾಲಗೆ ಏಳುವುದಿಲ್ಲ, ವ್ಯಾನು ನೆನೆದರೆ ಅನ್ನ ಇಳಿಯುವುದಿಲ್ಲ ಎಂದ. ಅವಳು ಹೇಳಿದಳು:

'ಹೇಳಿಬಿಡಿ. ಅವನು ಓಡಿಹೋದ್ರೆ ನಾಲ್ಕು ತಿಂಗಳಿಗೆ ವಾಪಸ್ ಬರ್ತಾನೆ. ಆ ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ವಾಪಸ್ ಬರ್ತಾರೆ?'

ಭಾನುವಾರ ಎಲ್ಲರಿಗೂ ಮಾವನ ಮನೆಯಲ್ಲಿ ಊಟ. ಮೇಸ್ತ್ರಿ ಮಂಚದ ಕೆಳಗಿನದನ್ನೆಲ್ಲ ಎರಡು ಗೋಣಿಗೆ ತುಂಬಿ ಸೈಕಲ್ಲಿಗೆ ಹೇರಿ ಇಳಿಜಾರು ಹತ್ತಿದ. ಅವನು ಮುಂದಿನಿಂದ ಎಳೆದರೆ ಹೆಂಡತಿ ಹಿಂದಿನಿಂದ ತಳ್ಳಿದಳು. ದಾರಿಯಲ್ಲಿ ಕಂಡವರು, ಮಾವನ ಮನೆಗೆ ಏನು ಹೊತ್ತುಕೊಂಡು ಹೋಗುತ್ತಿದ್ದೀರಿ ಎಂದು ಕೇಳಿದರೆ, ಅವರದನ್ನೇ ಅವರಿಗೆ ಎಂದಳು.

ಊಟ ಶುರುವಾಯಿತು. ಮೇಸ್ತ್ರಿ ಒಂದು ಸಲ ಗಂಟಲು ಸರಿಮಾಡಿಕೊಂಡ. ಅತ್ತೆ ನೀರು ತಂದು ಇಟ್ಟಳು. ಎರಡನೇ ಸಲ ಸರಿಮಾಡಿಕೊಂಡ. ಮಾವ, ಅಳಿಯಂದ್ರಿಗೆ ಶೀತ ಆಗಿದೆ, ಇನ್ನೂ ಸ್ವಲ್ಪ ಬಿಸಿ ಸಾರು ಹಾಕು ಎಂದ. ಮೂರನೇ ಸಲಕ್ಕೆ ಹೆಂಡತಿ ಅವನ ಕಾಲು ತುಳಿದಳು. ಅವನು ಎದ್ದು ಹೋಗಿ ಬಾಗಿಲ ಹೊರಗಿದ್ದ ಗೋಣಿಗಳನ್ನು ಒಳಗೆಳೆದು ತಂದು ನಡುಮನೆಯಲ್ಲಿ ಸುರಿದ. ಐವತ್ತಾರು ಬ್ರೇಕ್ ಶೂ ನೆಲದ ಮೇಲೆ ಉರುಳಿದವು. ತೆಗೆದುಹಾಕಿದ ಹಳೆಯವಲ್ಲ, ಒಂದೊಂದೂ ಹೊಸದು. ಸದ್ದೂ ಮಂಕು.

'ಇವೆಲ್ಲ ನಿನ್ನ ಅಂಗಡಿಯವು ಕಣಪ್ಪ. ಒಂದನ್ನೂ ನಾನು ಯಾರ ಗಾಡಿಗೂ ಹಾಕಿಲ್ಲ.'

ಗ್ಯಾರಂಟಿ ತುತ್ತನ್ನು ಕೈಯಲ್ಲೇ ಹಿಡಿದು ನೋಡಿದ. ಒಂದು ಶೂವನ್ನು ಎಡಗೈಯಲ್ಲಿ ಎತ್ತಿ ಮೇಲಿನ ಕುದುರೆಯ ಗುರುತು ನೋಡಿದ. ಇನ್ನೊಂದನ್ನು ನೋಡಿದ.

'ಹಾಗಾದ್ರೆ ಊರಲ್ಲಿ ನಿಲ್ತಾ ಇರೋ ಗಾಡಿಗಳೆಲ್ಲ...'

'ಹಳೇ ಪೇಟೆ ಸಾಹುಕಾರರ ಸಾಮಾನಿಂದ ನಿಲ್ತಾ ಇವೆ.'

'ಅಪ್ಪನ ಕಾರೂ?'

'ಅದೇ ಮೊದಲನೇದು.'

ಅತ್ತೆ ಸೌಟು ಹಿಡಿದು ಗೋಡೆಯ ಕಡೆ ತಿರುಗಲು ಶುರುಮಾಡಿದ್ದಳು. ಮಾವನ ಮುಖ ಕೆಂಪಾಯಿತು. ಇದು ಹೊಟ್ಟೆಕಿಚ್ಚು, ಹುಡುಗ ಮುಂದೆ ಬಂದದ್ದು ಅಳಿಯನಿಗೆ ಸಹಿಸಲಾಗಲಿಲ್ಲ, ಮೂವತ್ತೈದು ವರ್ಷ ಪೆಡಲ್ ತುಳಿದ ತನಗೆ ಬ್ರೇಕು ಗೊತ್ತಾಗುವುದಿಲ್ಲವೇ ಎಂದು ಒಂದೇ ಉಸಿರಿಗೆ ಹೇಳಿದ. ಹೇಳುತ್ತಾ ಹೇಳುತ್ತಾ, ತನಗೆ ಗೊತ್ತಾದದ್ದು ಸಾಹುಕಾರನ ಬ್ರೇಕು ಎಂಬುದು ಅವನಿಗೇ ಹೊಳೆದಿರಬೇಕು, ಕೊನೆಯ ಮಾತಿನ ಹೊತ್ತಿಗೆ ದನಿ ಇಳಿದಿತ್ತು. ಆದರೂ ಸೋಲಲಿಲ್ಲ. ಹಾಗಿದ್ದರೆ ಇವನ್ನೇ ಈಗಲೇ ನನ್ನ ಕಾರಿಗೆ ಹಾಕಿ, ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗಿ ತೋರಿಸುತ್ತೇನೆ ಎಂದು ಎದ್ದು ನಿಂತ.

ಮೇಸ್ತ್ರಿ ಅಲುಗಲಿಲ್ಲ. ಇಳಿಜಾರಿನ ಕೊನೆಯಲ್ಲಿರುವುದು ನನ್ನ ಗ್ಯಾರೇಜು ಮಾವ, ನೀವು ಬದುಕಿದರೂ ಅದು ಬದುಕುವುದಿಲ್ಲ ಎಂದ. ಆಮೇಲೆ ಗ್ಯಾರಂಟಿಯ ಕಡೆ ತಿರುಗಿ, ಯಾರ ಮಾತನ್ನೂ ನಂಬಬೇಡ, ನಿನ್ನ ಉಗುರಿನಿಂದಲೇ ಗೀರಿ ನೋಡು ಎಂದ.

ಗ್ಯಾರಂಟಿ ಗೀರಿದ. ಪುಡಿ ಉದುರಿತು. ಇನ್ನೊಂದು ತೆಗೆದು ಗೀರಿದ. ಮತ್ತೂ ಒಂದು. ಒಂದಾದರೂ ಗಟ್ಟಿ ಇದ್ದೀತೆಂದು ಹುಡುಕುವವನ ಹಾಗೆ ಒಂದಾದಮೇಲೊಂದು ಗೀರುತ್ತಲೇ ಹೋದ. ನಡುಮನೆಯ ನೆಲವೆಲ್ಲ ಕಪ್ಪು ಪುಡಿಯಾಯಿತು. ಅತ್ತೆ ಸಿಟ್ಟನ್ನು ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ನೆಲದ ಮೇಲೆ ತೋರಿಸಿದಳು. ಪಾತ್ರೆ ತೊಳೆಯಲು ಕಾಯಿಸಿಟ್ಟ ಬಿಸಿನೀರಿನ ಬಕೆಟ್ಟು ತಂದು, ಊಟದ ಮನೆಯಲ್ಲಿ ಕಬ್ಬಿಣದ ಸಂತೆ ಎಂದು ಗೊಣಗುತ್ತ, ಕೈಗೆ ಸಿಕ್ಕ ನಾಲ್ಕೈದು ಶೂಗಳನ್ನು ಅದರೊಳಗೆ ಎಸೆದು ಸುತ್ತಲೂ ಒರೆಸತೊಡಗಿದಳು.

ಮಾವ ಕೂತ. ತಣ್ಣಗಾದ ಅನ್ನವನ್ನೇ ಎಲ್ಲರೂ ಕಲಸಿದರು. ಊಟ ಮುಗಿಯುವ ಹೊತ್ತಿಗೆ ಅತ್ತೆ ಬಟ್ಟೆ ಅದ್ದಲು ಬಕೆಟ್ಟಿಗೆ ಕೈ ಹಾಕಿದವಳು ಏನನ್ನೋ ಎತ್ತಿ ನೋಡಿದಳು. ಕಬ್ಬಿಣ ಒಂದು ಕೈಯಲ್ಲಿ, ಲೈನಿಂಗು ಒಂದು ಕೈಯಲ್ಲಿ. ಅಂಟು ಬಿಟ್ಟು ಸಿಪ್ಪೆಯ ಹಾಗೆ ಕಳಚಿಕೊಂಡಿತ್ತು.

'ಇದು ಹೀಗೇ ಬರಬೇಕಾ?' ಎಂದು ಮಗನನ್ನು ಕೇಳಿದಳು. ವ್ಯಂಗ್ಯವಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗ್ಯಾರಂಟಿ ಕೈ ತೊಳೆದ. ಎದ್ದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದ. ಎಲ್ಲರಿಗೂ ಛತ್ರಿಯ ದಿನ ನೆನಪಾಯಿತು. ಅಕ್ಕ ಅವನ ತೋಳು ಹಿಡಿದಳು. ಅತ್ತೆ, ಎಲ್ಲಿಗೋ ಎಂದು ಕೇಳಿದಳು.

'ಸ್ಕೂಲಿಗೆ.'

'ಇವತ್ತು ಭಾನುವಾರ ಕಣೋ.'

ಅವನು ಚಪ್ಪಲಿ ಬಿಟ್ಟ. ಒಳಗೆ ಬಂದು ಕೂತ. 'ಹಾಗಾದ್ರೆ ನಾಳೆ' ಎಂದ. ಆಮೇಲೆ, 'ಮಜ್ಜಿಗೆ ಇದೆಯಾ?' ಎಂದ.

ಸೋಮವಾರ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಹೋಗಿ, ನನ್ನ ಸಾಮಾನು ಹಾಕಬೇಡಿ ಎಂದು ಹೇಳಿ ಬಂದ. ಸ್ಕೂಲಿನ ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರಂತೆ. ಯಾರದು ಒಳ್ಳೆಯದು ಎಂದು ಕೇಳಿದ್ದಕ್ಕೆ ಹಳೇ ಪೇಟೆಯ ದಾರಿ ತೋರಿಸಿದ. ವ್ಯಾಪಾರ ಅಲ್ಲಿಗೇ ಹೋಯಿತು. ಇವನು ಕುದುರೆಯ ಡಬ್ಬಗಳನ್ನೆಲ್ಲ ಕಟ್ಟಿ, ಸಗಟಿಗೆ ಕೊಟ್ಟವನ ಮುಖಕ್ಕೇ ಎಸೆದು ಬರಲು ಎರಡು ದಿನ ಊರು ಬಿಟ್ಟ. ಮೂರನೇ ದಿನ ಬಂದ. ಬಂದವನು ನೇರ ಗ್ಯಾರೇಜಿಗೆ ಬಂದು, ದಾರ ಎಲ್ಲಿ ಕಟ್ಟಬೇಕು ಭಾವ ಎಂದು ಕೇಳಿದ.

ಮಾವನದು ಇನ್ನೂ ಕಷ್ಟದ ಕೆಲಸ. ಎಲ್ಲೆಲ್ಲಿ ಕಾರು ನಿಲ್ಲಿಸಿ ಹೊಗಳಿದ್ದನೋ ಅಲ್ಲೆಲ್ಲ ಹೋಗಬೇಕಾಯಿತು. ಈ ಸಲ ಮೆಲ್ಲಗೆ ಹೋಗಿ ಮೆಲ್ಲಗೆ ನಿಲ್ಲಿಸಿದ. ಬ್ರೇಕು ಚೆನ್ನಾಗಿದೆ ಅಂದದ್ದು ನಿಜ, ಯಾರದು ಅಂತ ಹೇಳಿದ್ದು ತಪ್ಪು ಎಂದು ಎಲ್ಲ ಕಡೆಯೂ ಅದನ್ನೇ ಹೇಳಿದ. ಕ್ಷೌರದಂಗಡಿಯವನು, ನೀವು ಇವತ್ತು ಸದ್ದಿಲ್ಲದೆ ಬಂದದ್ದೇ ದೊಡ್ಡ ಉಪಕಾರ ಎಂದು ಕೈ ಮುಗಿದ.

ಮೇಸ್ತ್ರಿ ತನ್ನ ಪಾಲಿಗೆ ಮಾವನ ಕಾರಿನಿಂದ ಕುದುರೆಯ ಡಬ್ಬ ಇಳಿಸಿ ಮಣ್ಣಿನ ಬಣ್ಣದ್ದನ್ನು ಇಟ್ಟ. ಆಮೇಲೆ ಅಂಥವೇ ಉಳಿದ ಆರು ಡಬ್ಬಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹೋದ. ನಾನು ಕೊಟ್ಟ ಡಬ್ಬ ಸುಳ್ಳು, ಇದು ನಿಜವಾದದ್ದು, ಅದನ್ನು ಕೊಟ್ಟು ಇದನ್ನು ತಗೊಳ್ಳಿ ಎಂದ. ಕೆಲವರಿಗೆ ವಿಷಯವೇ ತಲೆಗೆ ಹತ್ತಲಿಲ್ಲ. ಒಳ್ಳೇದನ್ನೇ ಹಾಕಿದ್ದೀರಿ ಅಂದಮೇಲೆ ಯಾಕೆ ಹೇಳ್ತಾ ಇದ್ದೀರಿ ಎಂದು ಒಬ್ಬ ಕೇಳಿದ. ಇನ್ನೊಬ್ಬನ ಹೆಂಡತಿ, ಕುದುರೆಯ ಡಬ್ಬದಲ್ಲಿ ಸೂಜಿ ದಾರ ಇಟ್ಟುಕೊಂಡಿದ್ದೇನೆ, ಕೊಡುವುದಿಲ್ಲ ಎಂದಳು.

ಕೊನೆಗೆ ಉಳಿದವನು ಬ್ರೆಡ್ಡಿನವನು. ಅವನು ನಗಲಿಲ್ಲ. ಎರಡೂ ಡಬ್ಬಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದ.

'ಇಪ್ಪತ್ತು ವರ್ಷ ನೀವು ಕೊಟ್ಟದ್ದನ್ನ ತೆರೆದೂ ನೋಡಿಲ್ಲ ಮೇಸ್ತ್ರಿ. ಇನ್ಮೇಲೆ ಹೇಗೆ ನಂಬ್ಲಿ?'

ಒಳ್ಳೆಯದನ್ನೇ ಹಾಕಿದ್ದೇನಲ್ಲ ಎಂಬ ಮಾತು ಮೇಸ್ತ್ರಿಯ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ. ಕೇಳಿದ್ದು ಬ್ರೇಕಿನ ವಿಷಯವಲ್ಲ.

'ನಂಬಬೇಡ. ಬಂದು ಕೂತು ನೋಡು. ನಿನ್ನ ಕಣ್ಣೆದುರಿಗೇ ಬಿಚ್ತೀನಿ, ನಿನ್ನ ಕಣ್ಣೆದುರಿಗೇ ಹಾಕ್ತೀನಿ.'

ಬ್ರೆಡ್ಡಿನವನು ಹೇಳಿದ ಮಾತನ್ನು ಹಾಗೇ ಹಿಡಿಯುವವನು. ಮರುದಿನ ಬೆಳಗಿನ ಬ್ರೆಡ್ಡು ಹಂಚಿ ಮುಗಿಸಿ, ವ್ಯಾನಿನ ಸಮೇತ ಬಂದ. ಕೂರಲು ಏನೂ ಇಲ್ಲದ್ದನ್ನು ನೋಡಿ ವ್ಯಾನಿನಿಂದ ಖಾಲಿ ಬ್ರೆಡ್ಡಿನ ಕ್ರೇಟು ಇಳಿಸಿ ಬೋರಲು ಹಾಕಿಕೊಂಡು, ಮೇಸ್ತ್ರಿಯ ಮೊಣಕೈಗೆ ತಾಗುವಷ್ಟು ಹತ್ತಿರ ಕೂತ. ಮೇಸ್ತ್ರಿ ಒಂದು ಚಕ್ರ ಬಿಚ್ಚಿ ಒಳಗಿರುವುದನ್ನು ತೋರಿಸಿದ. ಬ್ರೆಡ್ಡಿನವನು ಬಗ್ಗಿ ನೋಡಿ ತಲೆಯಾಡಿಸಿದ. ಇನ್ನು ಎದ್ದು ಹೋಗುತ್ತಾನೆಂದು ಮೇಸ್ತ್ರಿ ಕಾದ.

'ಅದೇನದು?' ಎಂದ ಬ್ರೆಡ್ಡಿನವನು.

'ನಟ್ಟು.'

'ಅದರ ಪಕ್ಕದ್ದು?'

'ಅದೂ ನಟ್ಟು.'

'ಎರಡು ಯಾಕೆ?'

ಮೇಸ್ತ್ರಿ ಕೈ ಒರೆಸಿಕೊಂಡ. ಇನ್ನೂ ಮೂರು ಚಕ್ರ ಬಿಚ್ಚುವುದಿತ್ತು. ನೆಲದ ಮೇಲೆ ಕೂತು, ಎರಡು ಯಾಕೆ ಎಂಬುದನ್ನು ಮೊದಲಿನಿಂದ ಹೇಳತೊಡಗಿದ.